ಕೂಗಳತೆಯ ನೀರು

ಭಾವನ ದೋಣಿ ಲಂಗರು ಹಾಕಿ ನಿಲ್ಲುವುದು ನಮ್ಮ ಮನೆಯ ಹಿಂದಿನ ದಡದಿಂದ ಬರೀ 80 ಮೀಟರ್ ಆಚೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅದರ ಮೂತಿಗೆ ಕಟ್ಟಿದ ಹೂವಿನ ಮಾಲೆ ಬಾಡಿದೆಯೋ ಇಲ್ಲವೋ ಎಂದೂ ಹೇಳಬಹುದು. ಆದರೆ ಅದನ್ನು ಹತ್ತಲು ಕೆಲವೊಮ್ಮೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಭರತದ ಹೊತ್ತಿನಲ್ಲಿ ನಡುವೆ ಎದೆ ಮುಳುಗುವ ನೀರು. ಇಳಿತವಾದರೆ ಮೊಣಕಾಲು ಹೂತುಹೋಗುವ ಕೆಸರು. ದೊಡ್ಡ ದೋಣಿಯನ್ನೇ ದಡಕ್ಕೆ ತರೋಣವೆಂದರೆ ತಳ ಹೊಯಿಗೆಯಲ್ಲಿ ಕೂತುಬಿಡುತ್ತದೆ. ಹಾಗಾಗಿ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಡೀಸೆಲ್ ಕ್ಯಾನು ಹಿಡಿದು, ಬಲೆ ಬಿಡಲು ಹೊರಟ ಪಾತಿ ದೋಣಿಯವರು ಯಾರಾದರೂ ಕಣ್ಣಿಗೆ ಬೀಳುವ ತನಕ ನಿಂತು ಕೂಗಬೇಕು: “ಹೋಯ್...!”

ಕೂಗಳತೆ ಎಂದರೆ ಹತ್ತಿರ ಎಂದು ಅರ್ಥ. ನಡುವೆ ನೀರು ಇದ್ದರೆ ಆ ಅರ್ಥ ಉಳಿಯುವುದಿಲ್ಲ. ದನಿ ದಾಟಿದಷ್ಟು ಸುಲಭವಾಗಿ ಮನುಷ್ಯ ದಾಟಲಾರ.

ಕೂಗುವುದು ನನಗೆ ಹೊಸತೇನಲ್ಲ. ಬಾರಕೂರು ದಾಟಿದ ಮೇಲೆ ಸೀತಾನದಿಗೆ ಅವಸರ ಕಡಿಮೆ. ಸಮುದ್ರ ಹತ್ತಿರ ಬಂತೆಂದು ಕಾಲು ಚಾಚಿದ ಹಾಗೆ ಅಗಲವಾಗುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಸೇತುವೆ ಇರಲಿಲ್ಲ, ಕಡವಿನ ಬಾಗಿಲು ಇತ್ತು. ಅಜ್ಜಿಯ ತವರು ಆಚೆ ದಡದಲ್ಲಿ. ಹೊಸ್ತಿಗೆ, ನಾಗರ ಪಂಚಮಿಗೆ, ಅವಳ ತಮ್ಮನಿಗೆ ಜ್ವರ ಬಂತೆಂದು ಸುದ್ದಿ ಸಿಕ್ಕಾಗ ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದಳು. ದಡಕ್ಕೆ ಬಂದವಳು ಮೊದಲು ಗಾಳಿ ಎತ್ತ ಬೀಸುತ್ತಿದೆಯೆಂದು ಸೆರಗು ನೋಡುವಳು. ಆಮೇಲೆ ಎರಡೂ ಅಂಗೈ ಬಾಯಿಗೆ ಹಿಡಿದು, ಉಸಿರು ತುಂಬಿಕೊಂಡು, ಒಂದೇ ಒಂದು ಕೂಗು. ಎರಡನೆಯದು ಕೂಗಿದ್ದನ್ನು ನಾನು ನೋಡಿಲ್ಲ. ಕಡವಿನವನು ಸಾಮಾನ್ಯವಾಗಿ ನಾಲ್ಕು ಜನ ಸೇರದೆ ದೋಣಿ ಬಿಚ್ಚುತ್ತಿರಲಿಲ್ಲ. ಅಜ್ಜಿಯ ದನಿ ಕೇಳಿದರೆ ಒಬ್ಬಳಿಗಾಗಿಯೇ ಬರುತ್ತಿದ್ದ. ಕೇಳಿತು ಎಂಬುದಕ್ಕೆ ತಿರುಗಿ ಕೂಗುವ ಪದ್ಧತಿ ಅವನಿಗಿರಲಿಲ್ಲ. ಕೈಯಲ್ಲಿದ್ದ ಹುಟ್ಟನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ತೋರಿಸುವನು. ಒದ್ದೆ ಹುಟ್ಟು ಬಿಸಿಲಿಗೆ ಒಮ್ಮೆ ಮಿಂಚುತ್ತಿತ್ತು. ಅದನ್ನು ಕಂಡ ಮೇಲೆ ಅಜ್ಜಿ ನೆಮ್ಮದಿಯಿಂದ ತೆಂಗಿನ ಬುಡದಲ್ಲಿ ಕೂರುವಳು.

ಅಜ್ಜನ ನೆನಪಿನಲ್ಲಿದ್ದದ್ದು ಇದಕ್ಕಿಂತ ದೊಡ್ಡ ದೋಣಿಗಳು. ಹಂಗಾರಕಟ್ಟೆಯಿಂದ ಹೆಂಚು, ಅಕ್ಕಿ ತುಂಬಿಕೊಂಡು ಹಾಯಿ ಬಿಚ್ಚಿ ಹೋಗುತ್ತಿದ್ದ ಮಂಜಿಗಳ ಕತೆ ಅವರು ಹೇಳುತ್ತಿದ್ದರು. ಮಂಜಿ ಎಷ್ಟು ಮೂಟೆ ಹೊರುತ್ತಿತ್ತು, ಅದರ ಕೂವೆಮರ ಎಷ್ಟು ಎತ್ತರ ಎಂಬುದನ್ನೆಲ್ಲ ಕೈಯೆತ್ತಿ ವರ್ಣಿಸಿದ ಮೇಲೆ, “ಅದರ ಹಿಂದೆ ಒಂದು ಮರಿ ಇರ್ತಿತ್ತು” ಎಂದು ಸೇರಿಸುತ್ತಿದ್ದರು. ಹಗ್ಗಕ್ಕೆ ಕಟ್ಟಿದ ಪುಟ್ಟ ದೋಣಿ, ಹಸುವಿನ ಹಿಂದೆ ಕರುವಿನ ಹಾಗೆ. ಮಂಜಿ ಆಳದಲ್ಲಿ ನಿಂತರೆ ಕುಡಿಯುವ ನೀರು, ಅಕ್ಕಿ, ಮೆಣಸು, ಕಾಗದ ಪತ್ರ, ಕಾಯಿಲೆ ಬಿದ್ದ ಖಲಾಸಿ ಎಲ್ಲವನ್ನೂ ದಡಕ್ಕೂ ಮಂಜಿಗೂ ನಡುವೆ ಸಾಗಿಸುವುದು ಅದರ ಕೆಲಸ. ಮಂಜಿಗೆ ಹೆಸರಿರುತ್ತಿತ್ತು, ಪೂಜೆ ನಡೆಯುತ್ತಿತ್ತು. ಮರಿಗೆ ಹೆಸರಿಟ್ಟವರನ್ನು ಅಜ್ಜ ಕಂಡಿರಲಿಲ್ಲ. ಆದರೆ ಅದಿಲ್ಲದ ದಿನ ದೊಡ್ಡದಕ್ಕೆ ದಡವೇ ಇಲ್ಲ.

ಭಾವನಿಗೆ ಬೇಕಾದದ್ದೂ ಇಂಥ ಒಂದು ಮರಿಯೇ. ಫೈಬರಿನದು ಸಿದ್ಧವಾಗಿ ಸಿಗುತ್ತದೆ, ತಂದುಬಿಡೋಣ ಎಂದರು ಅವರು. ನಾನೇ ಕಟ್ಟಿಕೊಡುತ್ತೇನೆ ಎಂದೆ. ಹುಟ್ಟು ಹಾಕಿಯೂ ಹೋಗಬೇಕು, ಗಾಳಿ ಕೂಡಿಬಂದರೆ ಹಾಯಿ ಏರಿಸಿಯೂ ಹೋಗಬೇಕು, ಅಂಥದ್ದು. ನದಿ ದಡದಲ್ಲಿ ಬೆಳೆದು ಐವತ್ತು ದಾಟಿದ ಮೇಲೂ ನನ್ನ ಕೈಯಿಂದ ನೀರಿಗೆ ಒಂದು ದೋಣಿಯೂ ಇಳಿದಿರಲಿಲ್ಲ. ಆ ಆಸೆ ಬಹಳ ಹಳೆಯದು.

ಪುಟ್ಟ ದೋಣಿಯ ರೂಪ ಗೀಚಲು ಕೂತ ಮೇಲೆ ಗೊತ್ತಾಯಿತು, ಅದರಿಂದ ನಾವು ಬಯಸುವ ಗುಣಗಳೆಲ್ಲ ಒಂದಕ್ಕೊಂದು ಆಗದವು. ಇಬ್ಬರು ಎತ್ತುವಷ್ಟು ಹಗುರ ಇರಬೇಕು, ಮೂವರನ್ನು ಹೊರಬೇಕು. ಅಂಚಿನ ಮೇಲೆ ಕಾಲಿಟ್ಟಾಗ ಮಗುಚದಷ್ಟು ಅಗಲ ಬೇಕು. ಅಗಲವಾದರೆ ಹುಟ್ಟಿಗೆ ಜಗ್ಗುವುದಿಲ್ಲ. ದೊಡ್ಡ ದೋಣಿಯ ಹಿಂದೆ ಹಗ್ಗದಲ್ಲಿ ಎಳೆದಾಗ ನೆಟ್ಟಗೆ ಬರಬೇಕು, ಹುಟ್ಟು ಹಾಕುವಾಗ ಥಟ್ಟನೆ ತಿರುಗಬೇಕು. ಉದ್ದವಾದಷ್ಟು ಎಲ್ಲವೂ ಸಲೀಸು, ಆದರೆ ಉದ್ದ ನಮ್ಮ ಕೈಯಲ್ಲಿಲ್ಲ. ಪ್ಲೈವುಡ್ ಹಾಳೆ ಬರುವುದು 8 ಅಡಿ ಉದ್ದ, 4 ಅಡಿ ಅಗಲ. ಹಲಗೆಯನ್ನು ಬಾಗಿಸಿದಾಗ ಅದರ ನೇರ ಉದ್ದ ಕಡಿಮೆಯಾಗುತ್ತದೆ. ಹಾಗಾಗಿ ಎರಡು ಹಾಳೆ ಬೆಸೆಯುವ ಗೋಜಿಲ್ಲದೆ ಕಟ್ಟಿದರೆ ದೋಣಿ 8 ಅಡಿ ಮುಟ್ಟುವುದಿಲ್ಲ. 7 ಅಡಿ 9 ಅಂಗುಲದ ಹತ್ತಿರ ನಿಲ್ಲುತ್ತದೆ. ಅಷ್ಟು ಗಿಡ್ಡ ದೋಣಿಗೆ ಚೂಪು ಮೂತಿ ಇಟ್ಟರೆ ಮುಂದುಗಡೆ ಯಾರೂ ಕೂರುವಂತಿಲ್ಲ. ಮೂತಿಯನ್ನು ಚಪ್ಪಟೆ ಮಾಡಿ ಅಲ್ಲೊಂದು ಅಡ್ಡಹಲಗೆ ಕೊಟ್ಟರೆ ಒಬ್ಬರಿಗೆ ಜಾಗವಾಗುತ್ತದೆ.

ಇಂಥ ಚಪ್ಪಟೆ ಮೂತಿಯ ಪುಟ್ಟ ದೋಣಿಗಳ ನಕ್ಷೆ ಹುಡುಕುವಾಗ ಸಿಕ್ಕಿದ್ದು ಜೋಯೆಲ್ ವೈಟ್ ಎಂಬವರ ‘ನಟ್‌ಶೆಲ್ ಪ್ರಾಮ್’. ಅಮೆರಿಕದ ಮೇನ್ ರಾಜ್ಯದ ಬ್ರೂಕ್ಲಿನ್ ಎಂಬ ಸಣ್ಣ ಊರಲ್ಲಿ ಮರದ ದೋಣಿ ಕಟ್ಟುತ್ತಿದ್ದವರು ಅವರು. ಅವರ ತಂದೆ ಇ.ಬಿ. ವೈಟ್, ಜೇಡ ಮತ್ತು ಹಂದಿಮರಿಯ ಸ್ನೇಹದ ಕತೆ ‘ಷಾರ್ಲಟ್ಸ್ ವೆಬ್’ ಬರೆದವರು, ಇಂಗ್ಲಿಷಿನಲ್ಲಿ ಪ್ರಬಂಧವೆಂದರೆ ಮೊದಲು ನೆನಪಾಗುವ ಹೆಸರುಗಳಲ್ಲೊಂದು. ಅಪ್ಪ ಅಂಗೈಯಗಲದ ವಿಷಯ ಹಿಡಿದು ಪ್ರಬಂಧ ಬರೆದರು. ಮಗ ಏಳೂವರೆ ಅಡಿಯ ದೋಣಿಗೆ ದೊಡ್ಡ ಹಡಗಿನಷ್ಟೇ ಗಮನ ಕೊಟ್ಟು ಗೆರೆ ಎಳೆದರು. ಆ ಗೆರೆಗಳನ್ನು ನಾನು ಬಹಳ ಹೊತ್ತು ನೋಡಿದೆ. ಚಪ್ಪಟೆ ಮೂತಿ ನೀರಿಗೆ ಬಡಿಯಬಾರದೆಂದು ತಳವನ್ನು ಎಷ್ಟು ನಾಜೂಕಾಗಿ ಮೇಲಕ್ಕೆತ್ತಿದ್ದಾರೆ! ಆ ಎತ್ತುವಿಕೆಯನ್ನು ಕಲಿತುಕೊಂಡೆ. ಉಳಿದದ್ದನ್ನು ನಮ್ಮ ಕೆಸರಿಗೂ ನಮ್ಮ ಗಾಳಿಗೂ ಒಗ್ಗುವಂತೆ ನಾನೇ ಬರೆದುಕೊಂಡೆ.

ಮೊದಲ ಮಾದರಿ ಮಾಡಿದ್ದು ಮದುವೆ ಕರೆಯೋಲೆಗಳ ದಪ್ಪ ಕಾಗದದಲ್ಲಿ, ಊಟದ ಮೇಜಿನ ಮೇಲೆ. ತಳಕ್ಕೊಂದು ತುಂಡು, ಅದರ ಎರಡು ಬದಿಗೆ ಓರೆಯಾಗಿ ಎರಡು, ಮೇಲೆ ಪಕ್ಕೆಗೆ ಎರಡು, ಒಟ್ಟು ಐದು. ಮೇಜಿನ ಮೇಲೆ ಹರಡಿದಾಗ ಅವು ದೋಣಿಯಂತೆ ಕಾಣುವುದೇ ಇಲ್ಲ. ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ನಲವತ್ತು ವರ್ಷ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳು ಅವಳು. ನನ್ನ ಓದು ನಡೆದದ್ದೇ ಆ ಹೊಲಿಗೆ ಯಂತ್ರದ ಚಕ್ರದಿಂದ.

“ಇದೆಂತ, ತೋಳಿನ ತುಂಡಾ?” ಎಂದಳು.

ದೋಣಿಯ ಪಕ್ಕೆ ಎಂದೆ. ಅವಳು ಆ ತುಂಡನ್ನೂ ಅದರ ಕೆಳಗೆ ಬರುವ ಓರೆ ತುಂಡನ್ನೂ ಎತ್ತಿ ಅಂಚಿಗೆ ಅಂಚು ಸೇರಿಸಿ ಹಿಡಿದಳು. ಒಂದರ ಅಂಚು ಹೆಚ್ಚು ಡೊಂಕು, ಇನ್ನೊಂದರದು ಕಡಿಮೆ. ಸೇರಿಸಿದ ಕೂಡಲೇ ಚಪ್ಪಟೆ ಕಾಗದ ಉಬ್ಬಿ ನಿಂತಿತು. “ಇಷ್ಟೇಯಾ? ಟಕ್ಸ್ ಹಿಡಿದ ಹಾಗೆ” ಎಂದಳು. ಲೆಕ್ಕ ಹಾಕಿ ಎರಡು ವಾರದಲ್ಲಿ ನಾನು ಅರ್ಥ ಮಾಡಿಕೊಂಡದ್ದು ಅವಳ ಬೆರಳಿಗೆ ಮೊದಲೇ ತಿಳಿದಿತ್ತು. ಬಟ್ಟೆ ಚಪ್ಪಟೆ, ಮೈ ಉಬ್ಬುತಗ್ಗು. ನಡುವಿನದನ್ನು ಸರಿದೂಗಿಸುವುದು ಅಂಚಿನ ಡೊಂಕು. ಪ್ಲೈವುಡ್ಡಿಗೂ ಅದೇ ನ್ಯಾಯ.

ಈ ಬಗೆಯ ದೋಣಿಯನ್ನು ನಿಜವಾಗಿಯೂ ಹೊಲಿಯುತ್ತಾರೆ. ಹಲಗೆಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಒಂದಕ್ಕೊಂದು ಬಿಗಿದು, ಆಮೇಲೆ ಸಂದಿಗೆ ಅಂಟು ತುಂಬಿ ಪಟ್ಟಿ ಹಚ್ಚುವುದು. ಈ ಕ್ರಮವನ್ನು ಮನೆಮನೆಗೆ ಮುಟ್ಟಿಸಿದ್ದು ಇಂಗ್ಲೆಂಡಿನ ಬ್ಯಾರಿ ಬಕ್ನೆಲ್. ಮನೆ ರಿಪೇರಿಯನ್ನು ನೀವೇ ಮಾಡಿಕೊಳ್ಳಿ ಎಂದು ಟಿ.ವಿ.ಯಲ್ಲಿ ಹೇಳಿಕೊಡುತ್ತಿದ್ದವರು. ಅವರೂ ದೋಣಿ ವಿನ್ಯಾಸಕಾರ ಜಾಕ್ ಹೋಲ್ಟರೂ ಸೇರಿ 1960ರ ದಶಕದ ಆರಂಭದಲ್ಲಿ ‘ಡೈಲಿ ಮಿರರ್’ ಪತ್ರಿಕೆಗಾಗಿ ಕೆಂಪು ಹಾಯಿಯ ಒಂದು ದೋಣಿ ರೂಪಿಸಿದರು. ಪತ್ರಿಕೆಯ ಹೆಸರೇ ಅದಕ್ಕೂ ಆಯಿತು: ಮಿರರ್. ಅಲ್ಲಿಯವರೆಗೆ ಹಾಯಿದೋಣಿ ಉಳ್ಳವರ ಸೊತ್ತು. ಇದು ಬಂದ ಮೇಲೆ ಕಾರ್ಖಾನೆಯ ಕೆಲಸಗಾರರೂ ಶಾಲೆಯ ಮೇಷ್ಟರೂ ತಮ್ಮ ಗ್ಯಾರೇಜಿನಲ್ಲಿ ಹಲಗೆ ಹೊಲಿದು ನೀರಿಗಿಳಿದರು. ಆ ಬಗೆಯ ದೋಣಿಗಳು 70,000ಕ್ಕೂ ಹೆಚ್ಚು ಕಟ್ಟಲ್ಪಟ್ಟವು. ಈ ಸಂಖ್ಯೆ ಓದಿದಾಗ ನನಗೆ ಸಂತೋಷದಿಂದ ಗಂಟಲು ಕಟ್ಟಿತು. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರು ಮಂಡಿಯೂರಿ ತಂತಿ ತಿರುಚುತ್ತಿದ್ದಾರೆ, ಇನ್ನೊಬ್ಬರು ದೀಪ ಹಿಡಿದಿದ್ದಾರೆ.

ಪ್ಲೈವುಡ್ ತರುವ ಕೆಲಸ ಒಮ್ಮೆಗೆ ಮುಗಿಯಲಿಲ್ಲ. ನೀರಲ್ಲಿ ಬಾಳುವ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಬೇಯಿಸಿ ಪರೀಕ್ಷಿಸುವ ನಿಯಮವಿದೆ. ಪೇಟೆಯ ಅಂಗಡಿಯೊಂದರಿಂದ ತಂದ ಹಾಳೆಯ ಮೇಲೆ ಮುದ್ರೆಯೇನೋ ಇತ್ತು. ಆದರೂ ಅಂಗೈಯಗಲದ ತುಂಡು ಕತ್ತರಿಸಿ ಬಚ್ಚಲಿನ ಹಂಡೆಗೆ ಹಾಕಿದೆ. ನಮ್ಮಲ್ಲಿ ಒಲೆ ಬೆಳಿಗ್ಗೆ ಹೊತ್ತಿದರೆ ರಾತ್ರಿಯ ತನಕ ಕೆಂಡ ಇರುತ್ತದೆ. ಎರಡನೆಯ ದಿನ ಸಂಜೆ ಆ ತುಂಡು ನೀರಲ್ಲಿ ಬಿದ್ದ ಪುಸ್ತಕದಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಅದನ್ನೇ ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ದೆ. ಅವರು ಮರುಮಾತಿಲ್ಲದೆ ದುಡ್ಡು ಹಿಂದೆ ಕೊಟ್ಟರು. ಬೇರೆ ಕಡೆಯಿಂದ ತಂದ ಹಾಳೆಯ ತುಂಡು ಮೂರು ದಿನ ಬೆಂದರೂ ಬಿಗಿಯಾಗಿಯೇ ಇತ್ತು. ಆ ಮೂರು ದಿನ ಮನೆಯವರೆಲ್ಲ ಅದೇ ನೀರಿನಲ್ಲಿ ಮಿಂದರು, ಒಬ್ಬರೂ ಬೇಡವೆನ್ನಲಿಲ್ಲ.

ಗೆರೆ ಎಳೆಯುವ ದಿನ ಆಚಾರ್ರನ್ನು ಕರೆದೆ. ಒಂದು ಕಾಲದಲ್ಲಿ ದೊಡ್ಡ ದೋಣಿಗಳಿಗೆ ಹೆಬ್ಬಲಸಿನ ಹಲಗೆ ಕೂರಿಸುತ್ತಿದ್ದವರು. ಈಗ ಕೈ ನಡುಗುತ್ತದೆ, ಕಣ್ಣು ನಡುಗುವುದಿಲ್ಲ. ಹಾಳೆಯ ಮೇಲೆ ಅಳತೆಯ ಬಿಂದುಗಳನ್ನು ಗುರುತು ಮಾಡಿ, ಪ್ರತಿ ಬಿಂದುವಿಗೂ ಒಂದು ಸಣ್ಣ ಮೊಳೆ ಬಡಿದು, ಬಳುಕುವ ರೀಪನ್ನು ಆ ಮೊಳೆಗಳಿಗೆ ಒತ್ತಿ ಬಾಗಿಸಿದೆ. ರೀಪಿನ ಅಂಚಿಗೆ ಪೆನ್ಸಿಲ್ ಓಡಿಸಿದರೆ ದೋಣಿಯ ಡೊಂಕು ಸಿಗುತ್ತದೆ. ಆಚಾರ್ರು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ರೀಪಿನ ಉದ್ದಕ್ಕೂ ನೋಡಿದರು. ಬಹಳ ಹೊತ್ತು ನೋಡಿ, “ಇಲ್ಲಿ ಬಿಕ್ಕುತ್ತೆ ಕಾಣಿ” ಎಂದು ಮೂರನೆಯ ಮೊಳೆಯ ಹತ್ತಿರ ಬೆರಳಿಟ್ಟರು. ನನ್ನ ಲೆಕ್ಕ ಸರಿಯಿತ್ತು, ಎರಡು ಸಲ ಕೂಡಿಸಿ ನೋಡಿದ್ದೆ. ಆದರೂ ಮೊಳೆ ಕಿತ್ತೆ. ರೀಪು ತಾನಾಗಿ ಎರಡು ಮಿಲಿಮೀಟರ್ ಆಚೆ ಸರಿಯಿತು. ಈಗ ನಾನೂ ಕೆನ್ನೆ ತಾಗಿಸಿ ನೋಡಿದೆ. ಬಿಕ್ಕು ಹೋಗಿತ್ತು. ನದಿಯ ಮೇಲೆ ಗಾಳಿ ಎಳೆದ ಗೆರೆಯಂತೆ ಅದು ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಹರಿಯುತ್ತಿತ್ತು. ಎರಡು ಮಿಲಿಮೀಟರನ್ನು ಬರಿಗಣ್ಣಲ್ಲಿ ಹಿಡಿದ ಆ ಮುದುಕರಿಗೆ ನಾನು ಅಲ್ಲಿಯೇ ಕೈಮುಗಿದೆ.

ಹೊಲಿಗೆ ಶುರುವಾದದ್ದು 2025ರ ಮೇ ತಿಂಗಳಲ್ಲಿ, ಮನೆಯ ಚಾವಡಿಯಲ್ಲಿ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, 15 ಸೆಂಟಿಮೀಟರಿಗೊಂದು ತೂತು. ನನ್ನವಳು ಒಳಗಿನಿಂದ ತಂತಿ ತೂರಿಸುವುದು, ನಾನು ಹೊರಗೆ ಮಲಗಿ ಇಕ್ಕಳದಲ್ಲಿ ತಿರುಚುವುದು. ಬಿಗಿಯಾಗುತ್ತ ಬಂದ ಹಾಗೆ ಹಲಗೆ ಕಿರ್ರೆನ್ನುತ್ತದೆ. ಹೆಚ್ಚು ತಿರುಚಿದರೆ ತಂತಿ ಕಡಿಯುತ್ತದೆ, ಕಡಿಮೆಯಾದರೆ ಬೆಳಕು ತೂರುತ್ತದೆ. ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತು ಎಣಿಸುತ್ತಿದ್ದಳು. ಎಂಬತ್ತನಾಲ್ಕನೆಯ ತಂತಿ ಬಿಗಿದಾಗ ನೆಲದ ಮೇಲೆ ಒಂದು ದೋಣಿ ಇತ್ತು. ಬೆಳಿಗ್ಗೆ ಅಲ್ಲಿ ಗೋಡೆಗೆ ಒರಗಿಸಿದ ಹಲಗೆಗಳಷ್ಟೇ ಇದ್ದವು. ಪಕ್ಕದ ಮನೆಯ ಮಕ್ಕಳು ಬಂದವರೇ ಕೇಳದೆ ಒಳಗೆ ಹತ್ತಿ ಕೂತರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನಾವುದೂ ಬೇಕಿರಲಿಲ್ಲ.

ಅದೇ ವಾರ, ಮೇ 21ರಂದು, ಟಿ.ವಿ.ಯಲ್ಲಿ ಕಾರವಾರದ ಸುದ್ದಿ ಬಂತು. ‘ಕೌಂಡಿನ್ಯ’ ಎಂಬ ಹಾಯಿ ಹಡಗು ನೌಕಾಪಡೆಗೆ ಸೇರಿತು. ಅಜಂತಾದ ಗೋಡೆಯ ಮೇಲಿನ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿಕೊಂಡು, ಗೋವಾದಲ್ಲಿ, ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೇರಳದ ಕುಶಲಕರ್ಮಿಗಳು ಕಟ್ಟಿದ ಹಡಗು ಅದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಪರದೆಯ ಮೇಲೆ ಆ ಹೊಲಿಗೆಯ ಸಾಲು ಹತ್ತಿರದಿಂದ ಕಂಡಾಗ ಅಮ್ಮ “ನಿಲ್ಲಿಸು, ನಿಲ್ಲಿಸು” ಎಂದಳು, ಟಿ.ವಿ. ತನ್ನ ಮಾತು ಕೇಳುತ್ತದೆ ಎಂಬಂತೆ. ಹಲಗೆಯ ಈ ಬದಿಗೊಬ್ಬ, ಆ ಬದಿಗೊಬ್ಬ. ಒಬ್ಬ ತೂರಿಸಿದ ಹಗ್ಗವನ್ನು ಇನ್ನೊಬ್ಬ ಎಳೆದು ಬಿಗಿಯುತ್ತಾನೆ. ನಮ್ಮ ಚಾವಡಿಯಲ್ಲಿ ನಡೆದದ್ದೂ ಅದೇ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹೊಲಿದ ದೋಣಿ ನಮ್ಮ ನದಿಗೆ ಎಷ್ಟು ಹಳೆಯ ಪರಿಚಯ! 14ನೇ ಶತಮಾನದಲ್ಲಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಾದುಹೋದಾಗ ಬಾರಕೂರಿಗೂ ಬಂದಿದ್ದ. ಫಾಕನೂರು ಎಂದು ಬರೆದ. ಅಳಿವೆಯ ದಡದ ದೊಡ್ಡ ಊರು, ಕಬ್ಬು ಬಹಳ ಎಂದ. ಅದೇ ಪ್ರವಾಸಿ ಮಾಲ್ಡೀವ್ಸಿನ ನಾರಿನ ಹುರಿಯ ಬಗ್ಗೆ ಬರೆಯುವಾಗ ಒಂದು ಕಾರಣ ಕೊಡುತ್ತಾನೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಳುಕಿ ಉಳಿದುಕೊಳ್ಳುತ್ತದೆ. ಅವನನ್ನು ಹೊತ್ತು ತಂದ ಹಡಗು ನಿಂತ ನೀರು ನಮ್ಮ ಮನೆಯಿಂದ ಬಹಳ ದೂರವಿಲ್ಲ. ದಡದಿಂದ ಹಡಗಿಗೆ ಅವನನ್ನು ದಾಟಿಸಿದ ಒಂದು ಮರಿದೋಣಿ ಇದ್ದೇ ಇದ್ದಿರಬೇಕು. ಅದಕ್ಕಾಗಿ ದಡದಲ್ಲಿ ಯಾರೋ ಕೂಗಿಯೂ ಇದ್ದಿರಬೇಕು.

ಹಳೆಯ ಹೊಲಿಗೆಗೂ ನನ್ನ ಹೊಲಿಗೆಗೂ ಒಂದು ವ್ಯತ್ಯಾಸವಿದೆ. ಅದು ಮನಸ್ಸಿಗೆ ಬಂದಾಗ ಸ್ವಲ್ಪ ಬೇಸರವಾಯಿತು. ಕೌಂಡಿನ್ಯದ ಹಗ್ಗ ಹಡಗಿನ ಜೊತೆಯೇ ಬಾಳುತ್ತದೆ. ನನ್ನ ತಂತಿಯನ್ನು ಕಿತ್ತು ತೆಗೆಯಬೇಕು. ಎರಡು ತಂತಿಗಳ ನಡುವಿನ ಸಂದಿಗೆ ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ತಂತಿ ಬಿಚ್ಚಿ, ಉಳಿದ ಜಾಗವನ್ನೂ ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುತ್ತಾರೆ. ಇಷ್ಟು ಪ್ರೀತಿಯಿಂದ ಹಾಕಿದ್ದನ್ನು ಬಿಚ್ಚುವುದೇ ಎಂದೆ. ಅಮ್ಮನಿಗೆ ಅದರಲ್ಲಿ ಬೇಸರದ ಸಂಗತಿಯೇ ಕಾಣಲಿಲ್ಲ. “ಅದು ಕಚ್ಚಾ ಹೊಲಿಗೆ ಅಲ್ದಾ? ಬಿಚ್ಚಲಿಕ್ಕೇ ಹಾಕುವುದು” ಎಂದಳು. ರವಿಕೆಯ ತೋಳು ಜಾರದಿರಲೆಂದು ಮೊದಲು ಬಿಳಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕುತ್ತಿದ್ದಳು. ಯಂತ್ರದ ಹೊಲಿಗೆ ಬಿದ್ದ ಮೇಲೆ ಆ ದಾರದ ತುದಿ ಹಿಡಿದು ಸರ್ರೆಂದು ಎಳೆಯುವ ಕೆಲಸ ಬಾಲ್ಯದಲ್ಲಿ ನನ್ನದಾಗಿತ್ತು. ಒಂದು ತುಂಡು ಒಳಗೆ ಉಳಿದು ಗಿರಾಕಿಯ ಕಣ್ಣಿಗೆ ಬಿದ್ದರೆ ಅವಳಿಗೆ ಅವಮಾನವಾಗುತ್ತಿತ್ತು.

ಮಳೆಗೆ ಮುಂಚೆ ಅಂಟಿನ ಕೆಲಸ ಮುಗಿಯಬೇಕಿತ್ತು. ನಮ್ಮ ಸೆಕೆಗೆ ಎಪಾಕ್ಸಿ ಬೇಗ ಕೆರಳುತ್ತದೆ. ಮೊದಲ ದಿನ ಒಂದು ಲೋಟದ ತುಂಬ ಬೆರೆಸಿ, ಫೋನು ಬಂತೆಂದು ಆಚೆ ಹೋಗಿ ಬರುವಷ್ಟರಲ್ಲಿ ಲೋಟ ಕೈಯಿಡಲಾಗದಷ್ಟು ಬಿಸಿಯಾಗಿ ಹೊಗೆ ಏಳುತ್ತಿತ್ತು. ಅಂಟು ಒಟ್ಟಾಗಿ ಇದ್ದಷ್ಟು ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಅಗಲವಾದ ತಟ್ಟೆಗೆ ಹರಡಿದರೆ ತಣ್ಣಗೆ ಕಾಯುತ್ತದೆ. ಆಮೇಲೆ ಬೆಳಗಿನ ಜಾವ ಎದ್ದು, ಸ್ವಲ್ಪ ಸ್ವಲ್ಪವೇ ಬೆರೆಸಿ, ಮರದ ಹುಡಿ ಸೇರಿಸಿ ಚಟ್ನಿಯ ಹದಕ್ಕೆ ತಂದು, ಚಮಚದ ಬೆನ್ನಿಂದ ಸಂದಿಗೆ ಸವರಿದೆ. ಮರುದಿನ ತಂತಿಗಳು ಒಂದೊಂದಾಗಿ ಹೊರಬಂದವು. ಜಪ್ಪಯ್ಯ ಎಂದರೂ ಬಾರದವನ್ನು ಬೆಸುಗೆ ಸಲಾಕೆಯಿಂದ ಬಿಸಿ ಮಾಡಿ ಎಳೆದೆ. ಅಮ್ಮ ಮತ್ತೆ ಎಣಿಸಿದಳು. ಎಂಬತ್ತಮೂರು. ಒಂದು ತಂತಿ ಹಿಂಭಾಗದ ಮೂಲೆಯಲ್ಲಿ ಅಂಟಿನೊಳಗೇ ತುಂಡಾಗಿತ್ತು.

ಮಳೆಗಾಲವಿಡೀ ಚಾವಡಿಯಲ್ಲಿ ಉಜ್ಜುವುದು, ಬಣ್ಣ ಬಳಿಯುವುದು ನಡೆಯಿತು. ಹಾಯಿಗೆ ಮನೆಯ ನೀಲಿ ಟರ್ಪಾಲೇ ಆಯಿತು. ಹಾಯಿಯೆಂದರೆ ಚಪ್ಪಟೆ ಪರದೆಯಲ್ಲ. ನಡುವೆ ಹಿತವಾದ ಹೊಟ್ಟೆ ಇದ್ದರೆ ಮಾತ್ರ ಗಾಳಿ ಅದನ್ನು ಎಳೆಯುತ್ತದೆ. ಪಟ್ಟಿಗಳ ಅಂಚನ್ನು ಕೊಂಚ ಡೊಂಕಾಗಿ ಕತ್ತರಿಸಿ ಹೊಲಿದರೆ ಆ ಹೊಟ್ಟೆ ಬರುತ್ತದೆ. ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಐದು ವರ್ಷದಿಂದ ಮುಚ್ಚಿಟ್ಟ ಯಂತ್ರಕ್ಕೆ ಎಣ್ಣೆ ಬಿಟ್ಟು, ದಪ್ಪ ಸೂಜಿ ಹಾಕಿ, 4 ಚದರ ಮೀಟರ್ ಹಾಯಿಯನ್ನು ನಾಲ್ಕು ದಿನದಲ್ಲಿ ಹೊಲಿದಳು. ಯಂತ್ರದ ಕೆಳಗೆ ನೀಲಿ ಟರ್ಪಾಲು ರಾಶಿ ಬಿದ್ದಿದ್ದರೆ ಅವಳ ಪಾದ ನೀರಲ್ಲಿ ಆಡುತ್ತಿದ್ದ ಹಾಗೆ ಕಾಣುತ್ತಿತ್ತು. ಕೂವೆಗೆ ಬಿದಿರು. ಗಾಳಿ ಪಕ್ಕಕ್ಕೆ ದೂಡಿಕೊಂಡು ಹೋಗದಂತೆ ನಡುವಿನ ಸೀಳಿನಲ್ಲಿ ಇಳಿಬಿಡುವ ಹಲಗೆ. ಕೆಸರು ಬಂದರೆ ಮೇಲೆಳೆದರಾಯಿತು. ಹುಟ್ಟು ಆಡಿಸಲು, ಕೂರುವ ಹಲಗೆಯಿಂದ ಒಂದಡಿ ಹಿಂದಕ್ಕೆ, ಎರಡು ಬದಿಯಲ್ಲಿ ಲೋಹದ ಕವಲು.

ಆ ಕವಲು ನೋಡಿ ಆಚಾರ್ರು ತಲೆಯಾಡಿಸಿದರು. ನಮ್ಮ ಪಾತಿಯವರು ಹೋಗುವ ದಿಕ್ಕಿಗೆ ಮುಖ ಮಾಡಿ ಒಂದೇ ಹುಟ್ಟು ಹಾಕುವವರು. ಎರಡು ಹುಟ್ಟು ಕವಲಿನಲ್ಲಿಟ್ಟು ಜಗ್ಗುವವನು ಬೆನ್ನು ಮಾಡಿ ಕೂರಬೇಕು. “ಹೋಪ ದಾರಿ ಕಾಣದೆ ಹ್ಯಾಂಗೆ ಹೋಪುದು ಮಾರಾಯ್ರೆ?” ಎಂದರು. ಬೆನ್ನಿನ ಬಲ ಪೂರ್ತಿ ಸಿಗುತ್ತದೆ ಎಂದೆ. ಅವರಿಗೆ ಆ ಉತ್ತರ ಸಾಕಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಅದಕ್ಕಿಂತ ಒಳ್ಳೆಯ ಉತ್ತರ ತಿಳಿದಿರಲಿಲ್ಲ.

ಹೊಸ್ತಿನ ದಿನ ತುಳಸಿಕಟ್ಟೆಗೆ, ಕಣಜಕ್ಕೆ, ಬಾಗಿಲಿಗೆ ಕದಿರು ಕಟ್ಟಿದ ಅಮ್ಮ ಹೊಲಿಗೆ ಯಂತ್ರಕ್ಕೂ ಒಂದು ಕಟ್ಟಿ, ದೋಣಿಯ ಚಪ್ಪಟೆ ಮೂತಿಗೂ ಒಂದು ಕಟ್ಟಿದಳು. ನಾನೂ ಭಾವನೂ ಆಚೀಚೆ ಹಿಡಿದು ಎತ್ತಿ ನೀರಿಗೆ ಇಳಿಸಿದೆವು. ತೂಕ 42 ಕಿಲೋ. ಮೂವರು ಕೂತರೆ ಒಟ್ಟು 240ರ ಹತ್ತಿರ. ಸಿಹಿನೀರಾದರೆ ಅಷ್ಟೇ ಲೀಟರನ್ನು ದೋಣಿ ಪಕ್ಕಕ್ಕೆ ಸರಿಸಬೇಕು. ಉಪ್ಪುನೀರು ಭಾರವಾದ್ದರಿಂದ ಆರು ಲೀಟರ್ ಕಡಿಮೆ ಸಾಕು. ಮಳೆಯ ನೀರು ಇನ್ನೂ ಇಳಿಯುತ್ತಿದ್ದ ಆ ದಿನ ಅದು ನದಿಯಲ್ಲಿ ಕೂತಿದ್ದಕ್ಕಿಂತ, ಸಮುದ್ರದ ಉಪ್ಪು ಬಾರಕೂರಿನತ್ತ ಏರುವ ಬೇಸಿಗೆಯಲ್ಲಿ ಮೂರು ಮಿಲಿಮೀಟರ್ ಮೇಲಕ್ಕೆ ತೇಲುತ್ತದೆ. ಲೆಕ್ಕದಲ್ಲಿ ಮಾತ್ರ ಸಿಗುವ ಮೂರು ಮಿಲಿಮೀಟರ್ ಅದು. ಆದರೂ ನಮ್ಮ ನದಿಗೆ ವರ್ಷದಲ್ಲಿ ಎರಡು ರುಚಿಯಿದೆಯೆಂಬುದು ಈ ದೋಣಿಗೂ ತಿಳಿಯುತ್ತದಲ್ಲ ಎಂದು ನನಗೆ ಖುಷಿ.

ಮೊದಲ ಸಲ ಒಬ್ಬನೇ ಹೊರಟೆ. ಹುಟ್ಟು ಎರಡು ಸಲ ಎಳೆದದ್ದೇ ದಡ ನನ್ನಿಂದ ಹಿಂದೆ ಸರಿಯಲಾರಂಭಿಸಿತು. ಹೋಗುವ ದಾರಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮನೆ, ತೆಂಗಿನ ಬುಡ, ಕಡವು ಇದ್ದ ಜಾಗದ ಕಲ್ಲು, ಅದರ ಮೇಲೆ ನಿಂತ ಅಮ್ಮ. ಆಚಾರ್ರಿಗೆ ಕೊಡಬೇಕಾಗಿದ್ದ ಉತ್ತರ ಆಗ ಸಿಕ್ಕಿತು: ಈ ಹುಟ್ಟಿನಲ್ಲಿ ಎಷ್ಟು ದೂರ ಹೋದರೂ ದಡದಲ್ಲಿ ಬಿಟ್ಟುಬಂದವರು ಕಣ್ಣೆದುರೇ ಇರುತ್ತಾರೆ.

ಭಾವನ ದೋಣಿಯ ಪಕ್ಕೆಗೆ ತಾಗುವಷ್ಟರಲ್ಲಿ ದಡದಿಂದ ಕೂಗು ಕೇಳಿತು. ಒಂದೇ ಕೂಗು. ಅಮ್ಮ ಬಾಯಿಗೆ ಎರಡು ಅಂಗೈ ಹಿಡಿದುಕೊಂಡಿದ್ದಳು. ಎಂಬತ್ತರ ಗಂಟಲಿಂದ ಬಂದರೂ ಅದು ಅಜ್ಜಿಯ ಕೂಗೇ. ಸೊಸೆಯಾಗಿ ಬಂದವಳು ಆ ಕಲ್ಲಿನ ಮೇಲೆ ನಿಂತು ಕಲಿತದ್ದು. ನಾನು ತಿರುಗಿ ಕೂಗಲಿಲ್ಲ. ಬಲಗೈಯ ಹುಟ್ಟನ್ನು ಕವಲಿನಿಂದ ಬಿಡಿಸಿ ತಲೆಯ ಮೇಲೆ ನೆಟ್ಟಗೆ ಎತ್ತಿದೆ. ನೀರು ಮೊಣಕೈವರೆಗೆ ಇಳಿಯಿತು.

ಹಿಂದೆ ಬಂದು ಅವಳನ್ನು ಹತ್ತಿಸಿಕೊಂಡೆ. ಹಿಂಭಾಗದ ಹಲಗೆಯ ಮೇಲೆ, ನನಗೆ ಎದುರಾಗಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವಳ ಬೆರಳು ಮೂಲೆಯ ಸಂದಿಯನ್ನು ಸವರಿ ಒಂದು ಕಡೆ ನಿಂತಿತು. ಮೆರುಗೆಣ್ಣೆಯ ಕೆಳಗೆ ಸಾಸಿವೆ ಗಾತ್ರದ ಹಸಿರು ಚುಕ್ಕೆ. ಉಳಿದುಹೋದ ಎಂಬತ್ತನಾಲ್ಕನೆಯ ತಂತಿ ಕಿಲುಬು ಹಿಡಿದಿತ್ತು.

“ಒಂದು ಕಚ್ಚಾ ಹೊಲಿಗೆ ಉಳಿದಿತ್ತಲ್ಲ” ಎಂದಳು.

ತೆಗೆಯಲೇ ಎಂದು ಕೇಳಿದೆ. ಅವಳು ಆ ಚುಕ್ಕೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಆಚೆ ದಡದ ಕಡೆ, ಅಜ್ಜಿಯ ತವರಿನ ಕಡೆ, ನೋಡಿದಳು.

“ಇರಲಿ ಬಿಡು. ಹೊಲಿದದ್ದು ಅಂತ ಗೊತ್ತಾಗಲಿ.”